ಎಮ್ಮೆಗೆ ಏನೂ ಆಗಿಲ್ಲ

ಜನವರಿ 11

ಅಕ್ಕನಿಗೆ ನಮಸ್ಕಾರಗಳು.

ನಿನ್ನ ಕಾಗದ ಬಂತು. ಆ ಮುದಿ ವಿಮಾನ ಇನ್ನೂ ಯಾಕೆ ಹಾರುತ್ತಿದೆ, ಹಾರಿದರೂ ಅದರಲ್ಲಿ ನನ್ನ ಮಗಳನ್ನೇ ಯಾಕೆ ಕೂರಿಸಿದ್ದೀರಿ ಎಂದು ಕೇಳಿದ್ದೀಯ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಇಲ್ಲಿ ಫೋನಿರುವುದು ಆಫೀಸಿನಲ್ಲಿ. ಮಾತಾಡುವವನು ಒಬ್ಬನಾದರೆ ಕಿವಿ ನಿಮಿರಿಸುವವರು ಹತ್ತು ಮಂದಿ. ಆದ್ದರಿಂದ ಕಾಗದವೇ ವಾಸಿ.

ಅದಿನ್ನೂ ಹಾರುತ್ತಿರುವುದು ಯಾಕೆಂದರೆ ಅದರ ಕೆಲಸ ಮಾಡುವ ಇನ್ನೊಂದು ಹುಟ್ಟಿಲ್ಲ. ಮೇಲಿನ ಊರಿಗೆ ರಸ್ತೆಯಿಲ್ಲ. ಅಲ್ಲಿನ ರನ್‌ವೇ ಎಂದರೆ ಬೆಟ್ಟದ ಹೆಗಲ ಮೇಲೆ ಜಲ್ಲಿ ಹರಡಿದ ಒಂದು ತುಂಡು ನೆಲ. ಜೆಟ್ ವಿಮಾನ ಅಲ್ಲಿಳಿದರೆ ಜಲ್ಲಿ ನುಂಗಿಯೇ ಸಾಯುತ್ತದೆ. ನಮ್ಮದು ಹಾಗಲ್ಲ. ನಾವಿಬ್ಬರೂ ಹುಟ್ಟುವ ಮೊದಲೇ ಹಾರಲು ಕಲಿತದ್ದು. ಎರಡು ಎಂಜಿನ್ನು, ಎರಡು ಪ್ರೊಪೆಲ್ಲರು, ಬಾಲದ ಕೆಳಗೊಂದು ಪುಟ್ಟ ಚಕ್ರ. ನೆಲದ ಮೇಲಿದ್ದಾಗ ಮೂಗೆತ್ತಿ ಕೂತಿರುತ್ತದೆ. ನಾವು ಅದನ್ನು ಎಮ್ಮೆ ಎನ್ನುತ್ತೇವೆ. ಬಣ್ಣಕ್ಕೂ ಸರಿ, ಸ್ವಭಾವಕ್ಕೂ ಸರಿ. ಗಾಳಿ ಬೈದರೂ ಬೇಸರವಿಲ್ಲ, ಹೊರೆ ಹೇರಿದರೂ ಬೇಸರವಿಲ್ಲ. ಹಿಟ್ಟಿನ ಮೂಟೆ, ಗ್ಯಾಸ್ ಸಿಲಿಂಡರು, ಔಷಧ ಮೇಲಕ್ಕೆ ಹೋಗುತ್ತವೆ. ರೋಗಿಗಳು ಕೆಳಕ್ಕೆ ಬರುತ್ತಾರೆ. ಪ್ರತಿ ಹಾರಾಟಕ್ಕೆ ಮುಂಚೆ ಅದರ ಮೈ ತಡವಿ ನೋಡಿ, ಸರಿಯಿದೆ ಎಂದು ಸಹಿ ಹಾಕುವ ಎಂಜಿನಿಯರು ನಾನು. ಆ ಸಹಿಯಿಲ್ಲದೆ ಅದು ಅಲ್ಲಾಡುವಂತಿಲ್ಲ.

ಎಂಜಿನ್ನು ಶುರುವಾಗುವುದನ್ನು ನೀನು ಒಮ್ಮೆ ಕೇಳಬೇಕು. ಮೊದಲು ಕೆಮ್ಮುತ್ತದೆ, ನೀಲಿ ಹೊಗೆ ಉಗುಳುತ್ತದೆ, ಆಮೇಲೆ ಒಂದೊಂದೇ ಸಿಲಿಂಡರು ಎದ್ದು ಮಾತಿಗೆ ಸೇರುತ್ತದೆ. ಬೇಲಿಯಾಚೆ ನಿಂತು ನೋಡಲು ಜನ ಈಗಲೂ ಬರುತ್ತಾರೆ. ಹೊಸ ವಿಮಾನ ನೋಡಲು ಯಾರೂ ಬರುವುದಿಲ್ಲ.

ನಿನ್ನ ಮಗಳು ಚೂಟಿ ಚೆನ್ನಾಗಿದ್ದಾಳೆ. ನಮ್ಮ ಕ್ಯಾಪ್ಟನ್ ಅವಳನ್ನು ಕೋ-ಪೈಲಟ್ ಸೀಟಿನಲ್ಲಿ ಕೂರಿಸಿಕೊಂಡು ಕೆಲಸ ಕಲಿಸುತ್ತಿದ್ದಾರೆ. ಎಮ್ಮೆಯ ಮೇಲೆ ಅವರಷ್ಟು ಹಾರಿದವರು ಇನ್ನೊಬ್ಬರಿಲ್ಲ. ಈಚೆಗೆ ಸ್ವಲ್ಪ ದೊಡ್ಡಸ್ತಿಕೆ ಬಂದಿದೆ ಅವರಿಗೆ. ಪಕ್ಕದಲ್ಲಿ ನಿಂತು ಕೈ ಮುಗಿದರೆ ತಿರುಗಿಯೂ ನೋಡುವುದಿಲ್ಲ. ಆದರೆ ಮನುಷ್ಯ ಒಳ್ಳೆಯವರು.

ಇಂತಿ ನಿನ್ನ ತಮ್ಮ

*

ಜನವರಿ 24

ತಮ್ಮನಿಗೆ ಆಶೀರ್ವಾದ.

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಕೇಳಿದ್ದೆ. ಹೆರದವನಿಗೆ ಎಮ್ಮೆ ಮುದ್ದು ಎಂದು ಈಗ ಗೊತ್ತಾಯಿತು. ಕಾಗದದ ತುಂಬ ಎಮ್ಮೆಯ ಗುಣಗಾನ. ನನ್ನ ಮಗಳ ವಿಷಯಕ್ಕೆ ಬಂದರೆ "ಚೆನ್ನಾಗಿದ್ದಾಳೆ", ಅಷ್ಟೆ. ನಾನು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದಿನವಿಡೀ ಹೊಲಿಗೆ ತಿರುಗಿಸಿ ನೋಡುವವಳು. ಮೇಲೆ ನೀಟಾಗಿದ್ದಷ್ಟೂ ಒಳಗೆ ದಾರ ಬಿಟ್ಟಿರುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ಮನೆಗೆ ಅವಳ ಹೆಸರಿಗೊಂದು ಲಕೋಟೆ ಬಂತು. ತಪ್ಪೋ ಸರಿಯೋ, ಒಡೆದೆ. ದೊಡ್ಡ ಜೆಟ್ ಕಂಪನಿಯದು. ಅವಳು ಪರೀಕ್ಷೆ ಬರೆದಿದ್ದಾಳೆ, ಪಾಸಾಗಿದ್ದಾಳೆ, ಕೆಲಸ ಕೊಟ್ಟಿದ್ದಾರೆ, ಇವಳು ಬೇಡ ಎಂದಿದ್ದಾಳೆ. "ನಿಮ್ಮ ನಿರ್ಧಾರಕ್ಕೆ ವಿಷಾದಿಸುತ್ತೇವೆ" ಎಂದು ಅವರು ಬರೆದ ಕಾಗದ ಅದು. ನನಗೆ ಒಂದು ಮಾತು ಹೇಳಿಲ್ಲ. ನಿನಗೆ ಹೇಳಿದ್ದಳೇ? ಹೇಳಿದ್ದರೆ ನನ್ನಿಂದ ಯಾಕೆ ಮುಚ್ಚಿಟ್ಟೆ? ಹೇಳಿಲ್ಲದಿದ್ದರೆ ಅವಳು ನಿನ್ನಿಂದಲೂ ಯಾಕೆ ಮುಚ್ಚಿಟ್ಟಳು?

ಜೆಟ್ ಬಿಟ್ಟು ಎಮ್ಮೆ ಹಿಡಿಯುವ ಹುಡುಗಿಗೆ ಬೇರೇನೋ ಕಾರಣ ಇರಬೇಕು. ಕಣ್ಣಿಟ್ಟಿರು. ಅವಳಿಗೆ ತಿಳಿಯಬಾರದು.

ನಿನ್ನ ಅಕ್ಕ

*

ಫೆಬ್ರವರಿ 9

ಅಕ್ಕನಿಗೆ,

ಹೇಗೆ ಬರೆಯಲಿ ಎಂದು ಯೋಚಿಸುತ್ತಲೇ ದಿನ ಕಳೆದುಹೋಯಿತು. ಗಾಬರಿಯಾಗಬೇಡ, ಯಾರಿಗೂ ಪೆಟ್ಟಾಗಿಲ್ಲ.

ಹೋದ ವಾರ ಇಲ್ಲಿ ಇಳಿಯುವಾಗ ಎಮ್ಮೆ ಎಡಕ್ಕೆ ಎಳೆದುಕೊಂಡು ಹೋಗಿ ರನ್‌ವೇ ಅಂಚಿನ ಕಂಬಕ್ಕೆ ರೆಕ್ಕೆಯ ತುದಿ ತಾಗಿಸಿತು. ತಗಡು ಹರಿಯಿತು. ಒಳಗೆ ಹೆರಿಗೆಗೆಂದು ಕರೆತರುತ್ತಿದ್ದ ಹೆಂಗಸೊಬ್ಬಳು ಇದ್ದಳು. ಇನ್ನೊಂದು ಮಾರು ಆಚೆ ಹೋಗಿದ್ದರೆ ಚರಂಡಿ. ಅದನ್ನು ನೆನೆಯುವುದೇ ಬೇಡ.

ಆಫೀಸಿನವರು ನೇರ ನನ್ನ ಬಳಿ ಬಂದರು. ಎಡ ಬ್ರೇಕು ಹಿಡಿದುಕೊಂಡಿರಬೇಕು, ನೀನು ನೋಡಿಲ್ಲ ಎಂದರು. ಎರಡೂ ಬ್ರೇಕು ಬಿಚ್ಚಿ ಮೇಜಿನ ಮೇಲೆ ಹರಡಿದೆ. ಬಾಲದ ಚಕ್ರ ಬಿಚ್ಚಿದೆ. ಚುಕ್ಕಾಣಿಯ ತಂತಿಗಳನ್ನು ಬೆರಳಿನಲ್ಲಿ ಸವರಿ ನೋಡಿದೆ. ಏನೂ ಸಿಗಲಿಲ್ಲ. ಎಮ್ಮೆಗೆ ಏನೂ ಆಗಿಲ್ಲ ಎಂದು ಬರೆದುಕೊಟ್ಟೆ. ಎಮ್ಮೆಗೆ ಏನೂ ಆಗಿಲ್ಲವೆಂದರೆ ಓಡಿಸಿದವರದು ತಪ್ಪು ಎಂದಾಯಿತಲ್ಲ, ಆ ಹೊತ್ತಿಗೆ ಅದು ನನಗೆ ಹೊಳೆಯಲಿಲ್ಲ. ಚೂಟಿ ತಾನಾಗಿಯೇ ಮುಂದೆ ಬಂದು, "ನಾನೇ ಇಳಿಸ್ತಿದ್ದೆ, ಕ್ಯಾಪ್ಟನ್ ಅಲ್ಲ" ಎಂದಳು. ಕ್ಯಾಪ್ಟನ್ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು. ಅವಳಿಗೆ ಎಚ್ಚರಿಕೆಯ ಪತ್ರ ಕೊಟ್ಟಿದ್ದಾರೆ. ಇನ್ನೊಮ್ಮೆ ಹೀಗಾದರೆ ಕೆಲಸ ಹೋಗುತ್ತದೆ.

ಜೆಟ್ ಕೆಲಸದ ಬಗ್ಗೆ ನನಗೆ ಗೊತ್ತಿರಲಿಲ್ಲ. ನೀನು ಕಣ್ಣಿಡು ಎಂದೆಯಲ್ಲ, ಇಟ್ಟೆ. ಕಂಡದ್ದನ್ನು ಬರೆಯಲು ಮನಸ್ಸಿಲ್ಲ, ಬರೆಯದಿರಲೂ ಆಗದು. ಅವಳು ಬೆಳಿಗ್ಗೆ ಕ್ಯಾಪ್ಟನ್ನರ ಮನೆಗೆ ಹೋಗಿ ಅವರ ಜೊತೆಯಲ್ಲೇ ಬರುತ್ತಾಳೆ. ಹ್ಯಾಂಗರಿನಿಂದ ವಿಮಾನದವರೆಗೆ ಇಬ್ಬರೂ ಕೈ ಹಿಡಿದುಕೊಂಡು ನಡೆಯುತ್ತಾರೆ. ಏನೋ ಪಿಸುಗುಡುತ್ತಿರುತ್ತಾಳೆ. ನಾನು ಹತ್ತಿರ ಹೋದರೆ ಮಾತು ನಿಲ್ಲುತ್ತದೆ. ಅವರ ಹೆಂಡತಿ ತೀರಿಕೊಂಡು ಬಹಳ ವರ್ಷವಾಯಿತು. ವಯಸ್ಸಿನಲ್ಲಿ ನನಗಿಂತ ದೊಡ್ಡವರು.

ಇದಕ್ಕಿಂತ ಹೆಚ್ಚು ನನ್ನನ್ನು ಕೇಳಬೇಡ.

ತಮ್ಮ

*

ಫೆಬ್ರವರಿ 15

ತಮ್ಮ,

ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಸಿಟ್ಟು ಬಂತು, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮಗಳು ಸೈಕಲ್ ಕಲಿತ ದಿನವೂ ಬೀಳಲಿಲ್ಲ. ಅವಳು ಇಳಿಸಿದ್ದು ಎಡಕ್ಕೆ ಹೋಯಿತು ಎಂದರೆ ಒಂದೋ ನಿನ್ನ ಎಮ್ಮೆಯ ಕಾಲು ಕುಂಟು, ಇಲ್ಲ ನಿನ್ನ ಮಾತು ಸುಳ್ಳು. "ಏನೂ ಆಗಿಲ್ಲ" ಎಂದು ಬರೆದುಕೊಟ್ಟೆಯಂತೆ. ಬರೆದುಕೊಡದೆ ಏನು? ಆಗಿದೆ ಎಂದರೆ ಅದನ್ನು ಮೂಲೆಗೆ ತಳ್ಳುತ್ತಾರೆ, ಅದಿಲ್ಲದೆ ನಿನಗೆ ಬದುಕಿಲ್ಲ. ಅಕ್ಕನ ಮಗಳಾದರೆ ಇನ್ನೆಲ್ಲಾದರೂ ಕೆಲಸ ಹುಡುಕಿಕೊಳ್ಳುತ್ತಾಳೆ ಎಂದುಕೊಂಡೆ, ಅಲ್ಲವೇ? ಮದುವೆಯಾಗು ಎಂದು ಅಮ್ಮ ಸಾಯುವವರೆಗೂ ಬೇಡಿಕೊಂಡಳು. ನೀನು ತಗಡನ್ನು ಕಟ್ಟಿಕೊಂಡೆ.

ಇನ್ನು ಆ ಮನುಷ್ಯ. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ. ಜೆಟ್ ಬಿಟ್ಟದ್ದು ಯಾಕೆಂದು ಈಗ ತಿಳಿಯಿತು. ಕಲಿಸುತ್ತಾನಂತೆ! ಅವಳು ತನ್ನ ತಲೆಯ ಮೇಲೆ ತಪ್ಪು ಹೊತ್ತುಕೊಳ್ಳುವಾಗ ಕಿಟಕಿ ನೋಡುತ್ತ ನಿಂತವನು ಎಂಥ ಗಂಡಸು? ಕಂಪನಿಯ ಮುಖ್ಯಸ್ಥರಿಗೆ ನಾನೇ ಬರೆಯುತ್ತೇನೆ. ಅದಕ್ಕೆ ಮೊದಲು ಒಂದನ್ನು ಸರಿಯಾಗಿ ಹೇಳು. ಕೈ ಹಿಡಿದುಕೊಂಡು ನಡೆಯುತ್ತಾರೆ ಎಂದೆ. ಯಾರು ಯಾರ ಕೈ ಹಿಡಿದಿರುತ್ತಾರೆ? ಅವನು ಅವಳದ್ದೋ, ಅವಳು ಅವನದ್ದೋ? ನೋಡಿ ಬರೆ. ಗಂಡಸರು ಇಂಥದ್ದನ್ನು ನೋಡುವುದೇ ಇಲ್ಲ.

ಅಕ್ಕ

*

ಫೆಬ್ರವರಿ 22

ಅಕ್ಕನಿಗೆ,

ಕಂಪನಿಗೆ ಬರೆಯಬೇಡ. ಈಗಲೇ ಬೇಡ. ನೀನು ಅಂದುಕೊಂಡಂಥದ್ದು ಏನೂ ಇಲ್ಲ.

ಇಲ್ಲಿ ಎಲ್ಲ ಸರಿಯಾಗಿದೆ. ರೆಕ್ಕೆ ರಿಪೇರಿ ಮುಗಿಯುತ್ತ ಬಂತು. ಹವೆ ಚೆನ್ನಾಗಿದೆ.

ತಮ್ಮ

*

ಮಾರ್ಚ್ 8

ತಮ್ಮ,

ಹವೆ ಚೆನ್ನಾಗಿದೆ ಎಂದು ಬರೆದಿದ್ದೀಯ. ನಿನ್ನ ಜನ್ಮದಲ್ಲಿ ನೀನು ನನಗೆ ಹವೆಯ ಬಗ್ಗೆ ಬರೆದವನಲ್ಲ. ಚಿಕ್ಕವನಿದ್ದಾಗ ಏನಾದರೂ ಒಡೆದು ಮುಚ್ಚಿಟ್ಟರೆ ಅಪ್ಪನ ಬಳಿ ಹೋಗಿ ಊಟ ಚೆನ್ನಾಗಿತ್ತು ಎನ್ನುತ್ತಿದ್ದೆ. ಆ ದನಿ ಇದು. ಏನು ಒಡೆದಿದ್ದೀಯ?

ಚೂಟಿ ರಜೆಯೆಂದು ಬಂದಿದ್ದಳು. ಊಟಕ್ಕೆ ಕೂತಾಗ ನೇರವಾಗಿ ಕೇಳಿಯೇಬಿಟ್ಟೆ, ಆ ಕ್ಯಾಪ್ಟನ್ನಿಗೂ ನಿನಗೂ ಏನು ಎಂದು. ಮೊದಲು ಅರ್ಥವಾಗಲಿಲ್ಲ ಅವಳಿಗೆ. ಅರ್ಥವಾದ ಮೇಲೆ ನಕ್ಕಳು, ತುತ್ತು ನೆತ್ತಿಗೇರುವಷ್ಟು ನಕ್ಕಳು. ನಗುತ್ತ ನಗುತ್ತಲೇ ಅತ್ತಳು. ಎದ್ದು ಕೈ ತೊಳೆದು ಬಂದು, "ಅಮ್ಮ, ನಾನು ಇನ್ನೊಂದಿಷ್ಟು ದಿನ ಅಲ್ಲೇ ಇರಬೇಕು. ನಾನು ಬಿಟ್ಟು ಬಂದ್ರೆ ಆ ಸೀಟಿಗೆ ಇನ್ಯಾರೋ ಬರ್ತಾರೆ. ಅವರಿಗೆ ಗೊತ್ತಿರಲ್ಲ" ಎಂದಳು. ಏನು ಗೊತ್ತಿರುವುದಿಲ್ಲ ಎಂದು ಕೇಳಿದರೆ ಬಾಯಿಗೆ ಬೀಗ.

ಅವಳ ಎಡಗೈ ಮೊಣಕೈಯ ಮೇಲೆ ನಾಲ್ಕು ಬೆರಳಿನ ಗುರುತು ನೋಡಿದೆ. ಹಳೆಯದರ ಮೇಲೆ ಹೊಸದು. ಯಾರೋ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಆಸೆಯಿಂದ ಹಿಡಿದದ್ದಲ್ಲ ಅದು. ಬೀಳುವವರು ಹಿಡಿಯುವ ಹಿಡಿತ.

ನನಗೆ ಭಯವಾಗುತ್ತಿದೆ ಕಣೋ. ಗೊತ್ತಿರುವುದನ್ನು ಬರೆ.

ಅಕ್ಕ

*

ಮಾರ್ಚ್ 19

ಅಕ್ಕನಿಗೆ,

ಯಾರು ಯಾರ ಕೈ ಹಿಡಿದಿರುತ್ತಾರೆ ಎಂದು ಕೇಳಿದ್ದೆಯಲ್ಲ, ಆ ಒಂದು ಪ್ರಶ್ನೆ ಎಲ್ಲವನ್ನೂ ತಿರುಗಿಸಿ ಹಾಕಿತು. ಆ ಕಾಗದ ಬಂದ ಮಾರನೆಯ ದಿನ ಹ್ಯಾಂಗರಿನ ಬಾಗಿಲಲ್ಲಿ ನಿಂತು ನೋಡಿದೆ. ಅವಳು ಅರ್ಧ ಹೆಜ್ಜೆ ಮುಂದಿದ್ದಳು. ಅವರು ಅವಳ ಮೊಣಕೈ ಹಿಡಿದಿದ್ದರು. ಪಿಸುಮಾತು ಕಿವಿಗೆ ಬಿತ್ತು: "ಬಲಕ್ಕೆ ಟ್ರಾಲಿ. ಈಗ ಮೆಟ್ಟಿಲು."

ಅವರು ಪಕ್ಕದಲ್ಲಿ ನಿಂತವರನ್ನು ತಿರುಗಿ ನೋಡುವುದಿಲ್ಲ ಎಂದು ಬರೆದಿದ್ದೆ, ದೊಡ್ಡಸ್ತಿಕೆ ಎಂದಿದ್ದೆ. ಪಕ್ಕದಲ್ಲಿರುವುದು ಅವರಿಗೆ ಕಾಣುವುದೇ ಇಲ್ಲ ಎಂಬ ಸಂಶಯ ಅವತ್ತೇ ಹುಟ್ಟಿತು. ಹುಟ್ಟಿದ್ದನ್ನು ನಿನಗೆ ಬರೆಯಲಿಲ್ಲ. ಯಾಕೆಂದರೆ ಆ ಎಮ್ಮೆಯನ್ನು ಕ್ಯಾಪ್ಟನ್ ಆಗಿ ಹಾರಿಸುವ ಪರವಾನಗಿ ಇರುವುದು ಅವರೊಬ್ಬರಿಗೇ. ಅವರು ಇಳಿದರೆ ಎಮ್ಮೆಯೂ ಇಳಿಯಿತು, ಗುಜರಿಗೆ. ನನ್ನ ಸಂಶಯ ಸುಳ್ಳಾಗಲಿ ಎಂದು ಕಾಯುತ್ತಿದ್ದೆ. ರೆಕ್ಕೆಯ ರಿಪೇರಿಯನ್ನು ಬೇಕೆಂದೇ ಎಳೆದೆ. ಅಕ್ಕ, ನೀನು ಬೈದದ್ದರಲ್ಲಿ ಅರ್ಧ ನಿಜ.

ರೆಕ್ಕೆ ಮುಗಿಯಿತು. ಹಾರಾಟದ ದಿನ ಗೊತ್ತಾಯಿತು. ಹಿಂದಿನ ಮಧ್ಯಾಹ್ನ ನಾನೊಂದು ಕೆಲಸ ಮಾಡಿದೆ. ಚೂಟಿ ಆಫೀಸಿಗೆ ಹೋಗಿದ್ದಾಗ, ಕ್ಯಾಪ್ಟನ್ ದಿನವೂ ನಡೆಯುವ ದಾರಿಯಲ್ಲಿ, ಸ್ವಲ್ಪ ಎಡಕ್ಕೆ, ಒಂದು ಖಾಲಿ ಡ್ರಮ್ಮು ಇಟ್ಟೆ. ಹಳದಿ ಡ್ರಮ್ಮು, ಕಣ್ಣು ಕುಕ್ಕುವ ಬಿಸಿಲು. ಅವರು ನೆಟ್ಟಗೆ ಬಂದು ಅದರ ಮೇಲೇ ಬಿದ್ದರು. ಎದ್ದು ಪ್ಯಾಂಟು ಕೊಡವಿಕೊಂಡು ಸುತ್ತ ನೋಡಿದರು. ಗೂಬೆ ನೋಡುವಂತೆ, ಪೂರ್ತಿ ತಲೆ ತಿರುಗಿಸಿ. ನಾನು ಎಂಜಿನ್ನಿನ ಮರೆಯಲ್ಲಿ ಉಸಿರು ಹಿಡಿದು ನಿಂತಿದ್ದೆ. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ.

ಮಾರನೆಯ ಬೆಳಿಗ್ಗೆ ನಾನು ಸಹಿ ಹಾಕಲಿಲ್ಲ. ಮೂಟೆಗಳು ತುಂಬಿದ್ದವು. ಅವರು, ಅವರ ಹಿಂದೆ ಚೂಟಿ, ಹ್ಯಾಂಗರಿಗೆ ಬಂದರು.

"ಎಮ್ಮೆಗೆ ಏನಾಗಿದೆ?" ಎಂದರು.

"ಎಮ್ಮೆಗೆ ಏನೂ ಆಗಿಲ್ಲ, ಕ್ಯಾಪ್ಟನ್."

"ಮತ್ತೆ ಸಹಿ ಹಾಕಿ."

"ಹಾಕಲ್ಲ."

ಅವರು ಪ್ರೊಪೆಲ್ಲರಿನ ರೆಕ್ಕೆಯ ಮೇಲೆ ಕೈಯಿಟ್ಟು ನಿಂತರು. ಆಮೇಲೆ ಮೆಲ್ಲಗೆ, "ಡ್ರಮ್ಮು ಇಟ್ಟಿದ್ದು ನೀವೇನಾ?" ಎಂದರು.

ಹೌದು ಎಂದೆ.

"ಬಾಯಲ್ಲಿ ಕೇಳಬಹುದಿತ್ತು."

ಚೂಟಿ ಮಧ್ಯೆ ಬಂದಳು. "ಮಾಮ, ಇವರು ಬಿಟ್ರೆ ಇದನ್ನ ಹಾರಿಸೋರು ಯಾರೂ ಇಲ್ಲ. ನೀವೇ ಇದನ್ನ ಗುಜರಿಗೆ ಕಳಿಸ್ತಿದ್ದೀರಿ." ನಾನೇ ನನಗೆ ಎಷ್ಟೋ ಸಲ ಹೇಳಿಕೊಂಡ ಮಾತು, ಅವಳ ಬಾಯಿಂದ ಬಂದಾಗ ಹೊಸದಾಗಿ ಚುಚ್ಚಿತು.

ಕ್ಯಾಪ್ಟನ್ ಅವಳ ಕಡೆ ತಿರುಗಿ, "ಆವತ್ತು ಇಳಿಸಿದ್ದು ನಾನು ಅಂತ ಇವರಿಗೆ ಹೇಳು" ಎಂದರು. ಅವಳು ಮೂಟೆಗಳ ಕಡೆ ತಿರುಗಿಕೊಂಡಳು. ಅವರೇ ಹೇಳಿದರು. ಎಮ್ಮೆಯ ಬಾಲ ನೆಲಕ್ಕಿಳಿದ ಕೂಡಲೇ ಎತ್ತಿದ ಮೂಗು ಮುಂದಿನ ದಾರಿಯನ್ನೆಲ್ಲ ಮುಚ್ಚಿಬಿಡುತ್ತದೆ. ಆಗ ಎರಡು ಬದಿಯ ಅಂಚನ್ನು ಕಣ್ಣಂಚಿನಿಂದಲೇ ನೋಡುತ್ತ ನೇರ ಇಟ್ಟುಕೊಳ್ಳಬೇಕು. ಅವರಿಗೆ ಅಂಚುಗಳೇ ಉಳಿದಿಲ್ಲ. ಮಧ್ಯದಲ್ಲಿ ಒಂದು ಕೊಳವೆಯಷ್ಟು ಕಾಣುತ್ತದೆ. ಅಷ್ಟು ಸಾಕು, ಡಾಕ್ಟರು ಗೋಡೆಗೆ ತೂಗುಹಾಕಿದ ಅಕ್ಷರ ಓದಲು. ವರ್ಷವರ್ಷವೂ ಪಾಸಾಗಿದ್ದು ಹಾಗೆ. ಇಳಿಯುವಾಗ ಚೂಟಿ "ಎಡ, ಬಲ" ಎನ್ನುತ್ತಿದ್ದಳಂತೆ. ಆವತ್ತು ಒಂದು ಕ್ಷಣ ತಡವಾಗಿ ಹೇಳಿದಳು. ತಪ್ಪು ತನ್ನದೇ ಎಂದು ಅವಳು ನಂಬಿಕೊಂಡಿದ್ದಳು.

"ಆ ಬಸುರಿ ಹೆಂಗಸು ಇಳಿಯುವಾಗ ನನಗೆ ಕೈ ಮುಗಿದಳಂತೆ" ಎಂದರು ಕ್ಯಾಪ್ಟನ್. "ಅದೂ ನನಗೆ ಕಾಣಲಿಲ್ಲ. ಇವಳು ಆಮೇಲೆ ಹೇಳಿದಳು."

ಟೋಪಿ ತೆಗೆದು ಚೂಟಿಯ ಕೈಗೆ ಕೊಟ್ಟು, ಒಬ್ಬರೇ ಆಫೀಸಿನ ಕಡೆ ನಡೆದರು. ಅವಳು ಹಿಂದೆ ಓಡಿದಳು. ಬೇಡ ಎಂದು ಕೈಯಾಡಿಸಿದರು. ಗೋಡೆ ಹಿಡಿದು ಹೋದರು.

ಚೂಟಿ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ನೀನಾದರೂ ಬರೆ.

ತಮ್ಮ

*

ಜೂನ್ 2

ಅಕ್ಕನಿಗೆ,

ನೀನು ಬರೆಯಲಿಲ್ಲ. ಸಿಟ್ಟು ನನ್ನ ಮೇಲೋ, ಮಗಳ ಮೇಲೋ, ನಿನ್ನ ಮೇಲೋ, ಕೇಳುವುದಿಲ್ಲ.

ಕಣ್ಣಿನ ಡಾಕ್ಟರು ನೋಡಿದರು. ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಔಷಧ ಹಾಕಿ ಕಾಯಬೇಕು ಎಂದರಂತೆ. ಎಮ್ಮೆ ಹ್ಯಾಂಗರಿನ ಹಿಂದೆ ನಿಂತಿತು. ಎಂಜಿನ್ನಿಗೆ ಕಂಬಳಿ ಹೊದಿಸಿದೆ. ಎಣ್ಣೆ ಒಂದೇ ಕಡೆ ಕೂರಬಾರದೆಂದು ಆಗಾಗ ಹೋಗಿ ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸುತ್ತಿದ್ದೆ. ಬೇಲಿಯಾಚೆಯ ಜನ, ಸತ್ತಿತೇ ಎಂದು ಕೇಳುತ್ತಿದ್ದರು. ನಿದ್ದೆ ಎನ್ನುತ್ತಿದ್ದೆ. ನನಗೇ ನಂಬಿಕೆಯಿರಲಿಲ್ಲ.

ಕಂಪನಿ ಒಂದು ಹೊಸ ವಿಮಾನ ತರಿಸಿತು. ಹೊಳೆಯುವ ಬಿಳಿ ಬಣ್ಣ. ಮೇಲಿನ ಊರಿನ ಮೇಲೆ ಎರಡು ಸುತ್ತು ಹಾಕಿ, ಜಲ್ಲಿ ನೋಡಿ, ಇಳಿಯದೆ ವಾಪಸು ಬಂತು. ಅಷ್ಟರಲ್ಲಿ ಅಲ್ಲಿ ಹಿಟ್ಟು ಮುಗಿದಿತ್ತು. ಜ್ವರದ ಔಷಧ ಬೆನ್ನ ಮೇಲೆ ಹೊತ್ತು ಕಾಲುದಾರಿಯಲ್ಲಿ ಹೋಗುವಂತಾಯಿತು. ಆಗ ಕಂಪನಿಯವರಿಗೆ ಎಮ್ಮೆ ಮತ್ತೆ ನೆನಪಾಯಿತು. ಇಂಥದ್ದೇ ವಿಮಾನ ಹಾರಿಸುವ ಪರೀಕ್ಷಕರೊಬ್ಬರನ್ನು ದೂರದಿಂದ ಕರೆಸಿದರು. ಚೂಟಿಯನ್ನು ಕ್ಯಾಪ್ಟನ್ ಮಾಡಬಹುದೇ ನೋಡಿ ಎಂದರು.

ಅವಳನ್ನು ತಯಾರು ಮಾಡಿದ್ದು ಯಾರು ಎಂದು ನಿನಗೆ ಹೇಳಬೇಕಿಲ್ಲ. ಕ್ಯಾಪ್ಟನ್ ದಿನವೂ ಬಂದು, ನಿಂತ ಎಮ್ಮೆಯ ಮುಂದಿನ ಗಾಜಿಗೆ ಗೋಣಿಚೀಲ ಕಟ್ಟಿಸಿ ಅವಳನ್ನು ಕೂರಿಸುತ್ತಿದ್ದರು. "ಮುಂದೆ ನೋಡಬೇಡ. ಅಲ್ಲಿ ಏನೂ ಇಲ್ಲ. ಅಂಚು ನೋಡು" ಎನ್ನುತ್ತಿದ್ದರು. ನಾನು ಕೆಳಗೆ ಚಕ್ರಕ್ಕೆ ಗ್ರೀಸ್ ಹಾಕುತ್ತ ಕೇಳಿಸಿಕೊಳ್ಳುತ್ತಿದ್ದೆ. ಪರೀಕ್ಷಕರು ಗಂಟುಮೋರೆಯವರು, ಯಾರನ್ನೂ ಹೊಗಳುವವರಲ್ಲ. ನೀನೂ ಅವರೂ ಜೊತೆಗೆ ಕೆಲಸ ಮಾಡಬಹುದಿತ್ತು. ಪಾಸು ಮಾಡಿದರು.

ಚೂಟಿ ನನ್ನೊಂದಿಗೆ ಮಾತಾಡುತ್ತಾಳೆ ಈಗ, ಕೆಲಸದ ಮಾತು ಮಾತ್ರ. ಮುಂದಿನ ತಿಂಗಳು ಅವಳ ಮೊದಲ ಹಾರಾಟ. ಬಾ. ನನ್ನ ಸಹಿ ಇರುತ್ತದೆ.

ತಮ್ಮ

*

ಜುಲೈ 14, ಮೇಲಿನ ಊರಿನಿಂದ

ತಮ್ಮನಿಗೆ ಆಶೀರ್ವಾದ.

ಮೋಡ ಮುಚ್ಚಿಕೊಂಡಿದೆ, ಎಮ್ಮೆ ಇಲ್ಲೇ ಮಲಗಿದೆ. ಯಾವಾಗ ಇಳಿಯುತ್ತೇವೋ ತಿಳಿಯದು. ಅದಕ್ಕೇ ಕಾಗದ, ಕಾಲುದಾರಿಯಲ್ಲಿ ಇಳಿಯುವವರ ಕೈಯಲ್ಲಿ ಕಳಿಸುತ್ತಿದ್ದೇನೆ. ನಿನ್ನ ಎದುರಿಗೆ ಹೇಳಲು ಬಾರದ್ದನ್ನು ಬರೆಯುವುದೇ ಸುಲಭ.

ವಿಮಾನ ಹತ್ತುವಾಗ ನಿನ್ನ ಸಹಿಯನ್ನು ತೋರಿಸು ಎಂದು ಕೇಳಿದ್ದು ತಮಾಷೆಗಲ್ಲ. ಒಳಗೆ ಬಂದರೆ ಆ ಮನುಷ್ಯ ಮೊದಲೇ ಕೂತಿದ್ದರು, ಖಾಲಿ ಇದ್ದದ್ದು ಅವರ ಪಕ್ಕದ ಸೀಟು. ಬೇಕೆಂದೇ ಮಾಡಿದ್ದೀಯ ಎಂದು ಗೊತ್ತಾಯಿತು. ನಾನು ಯಾರೆಂದು ಹೇಳಿಕೊಂಡೆ. ಪೂರ್ತಿ ತಲೆ ತಿರುಗಿಸಿ ನನ್ನನ್ನು ನೋಡಿ, "ನಿಮ್ಮ ಹಾಗೇ ಅವಳೂ ಯಾರನ್ನೂ ಬೇಗ ನಂಬಲ್ಲ. ಪೈಲಟ್‌ಗೆ ಅದು ಒಳ್ಳೇದು" ಎಂದರು. ಅದು ಹೊಗಳಿಕೆಯೋ ಚುಚ್ಚು ಮಾತೋ ಇನ್ನೂ ಯೋಚಿಸುತ್ತಿದ್ದೇನೆ.

ಎಂಜಿನ್ನು ಕೆಮ್ಮಿದಾಗ ಸೀಟಿನ ಕೈ ಹಿಡಿದುಕೊಂಡೆ. ಆದರೆ ಮೇಲೇರಿದ ಮೇಲೆ, ನಿನಗೆ ಹೇಳಬಾರದು ಎಂದುಕೊಂಡಿದ್ದೆ, ಹೇಳುತ್ತೇನೆ: ಚೆನ್ನಾಗಿತ್ತು. ಆ ಸದ್ದು ಕಿವಿಯಲ್ಲಿ ಕೇಳುವುದಲ್ಲ, ಎದೆಗೂಡಿನಲ್ಲಿ ಕೇಳುವುದು. ಇಡೀ ಮೈ ಸಣ್ಣಗೆ ನಡುಗುತ್ತಿತ್ತು, ಎಲ್ಲೂ ಬಿಚ್ಚಿಕೊಳ್ಳಲಿಲ್ಲ. ಕಿಟಕಿಯಾಚೆ ಬೆಟ್ಟ ಕೈಗೆ ಸಿಗುವಷ್ಟು ಹತ್ತಿರ, ಆದರೂ ಅವಸರವಿಲ್ಲ. ಕ್ಯಾಪ್ಟನ್ ಕಣ್ಣು ಮುಚ್ಚಿ ಕೂತಿದ್ದರು. ಅವರ ಪಾದಗಳು ಮಾತ್ರ, ತಾವೇ ನಡೆಸುತ್ತಿರುವಂತೆ, ನೆಲದ ಮೇಲೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಒತ್ತುತ್ತಿದ್ದವು.

ಇಳಿದೆವು. ನೇರವಾಗಿ ಇಳಿದೆವು. ಚೂಟಿ ಮುಂದಿನ ಪೈಲಟ್ ಕೋಣೆಯಿಂದ ನಾವು ಕೂತಲ್ಲಿಗೆ ಬಂದಳು. ಟೋಪಿ ಅವರದ್ದೇ, ಸ್ವಲ್ಪ ದೊಡ್ಡದು. ನನ್ನ ಕಡೆ ಬರುತ್ತಾಳೆ ಎಂದು ಸೆರಗು ಸರಿಮಾಡಿಕೊಂಡೆ. ಅವಳು ಮೊದಲು ನಿಂತದ್ದು ಅವರ ಮುಂದೆ. "ಹೇಗಿತ್ತು?" ಎಂದಳು. "ಬಾಲ ಸ್ವಲ್ಪ ಬೇಗ ಇಳಿಸಿದೆ" ಎಂದರು ಅವರು. ಅಷ್ಟೇ. ಅವಳು ತಲೆಯಾಡಿಸಿದಳು, ಮುಖವರಳಿತು. ನಾನು ಅವಳಿಗೆ ಏನು ಕೊಟ್ಟಾಗಲೂ ಆ ಮುಖ ನೋಡಿಲ್ಲ.

ನಾನು ಅನುಮಾನಪಟ್ಟದ್ದು ತಪ್ಪು ತಮ್ಮ, ಹಲ್ಲು ಕಚ್ಚಿ ಒಪ್ಪುತ್ತೇನೆ. ಆದರೆ ನನ್ನ ಮಗಳನ್ನು ಯಾರೋ ನನ್ನಿಂದ ಒಯ್ಯುತ್ತಿದ್ದಾರೆ ಎಂದು ಹೆದರಿದ್ದೆನಲ್ಲ, ಅದು ಪೂರ್ತಿ ಸುಳ್ಳಾಗಲಿಲ್ಲ. ಆಮೇಲೆ ಅವಳು ನನ್ನ ಹತ್ತಿರ ಬಂದು, "ಅಮ್ಮ, ಹೆದರಿಕೆ ಆಯ್ತಾ?" ಎಂದಳು. ಇಲ್ಲ ಎಂದೆ. ನಂಬಲಿಲ್ಲ.

ಎಲ್ಲರೂ ಇಳಿದ ಮೇಲೆ ನಾವಿಬ್ಬರೇ ಉಳಿದೆವು. ಕಣ್ಣು ಕಾಣದವರು, ಕೈ ಹಿಡಿದು ಇಳಿಸೋಣ ಎಂದು ದೊಡ್ಡ ಮನಸ್ಸು ಮಾಡಿ ಎದ್ದೆ. ನೆಲವೆಲ್ಲ ಹಿಂದಕ್ಕೆ ಇಳಿಜಾರು. ಒಂದು ಹೆಜ್ಜೆಗೇ ಚಪ್ಪಲಿ ಜಾರಿತು. ಅವರು ಸೀಟಿನ ಬೆನ್ನು ಹಿಡಿದು ನಿಂತಿದ್ದವರು, ನೋಡದೆಯೇ ಇನ್ನೊಂದು ಕೈಯಲ್ಲಿ ನನ್ನ ಮೊಣಕೈ ಹಿಡಿದುಕೊಂಡರು.

"ನಿಧಾನ, ಅಮ್ಮ" ಎಂದರು. "ಇಲ್ಲಿ ಎಲ್ಲರೂ ಜಾರ್ತಾರೆ. ನನ್ನ ಹಿಂದೆ ಬನ್ನಿ."

ಹೋದೆ.

ನಿನ್ನ ಅಕ್ಕ